ಕೂಡುವುದನ್ನೂ ಡಿಸ್ಕಿನಿಂದ ಓದಿಕೊಂಡ ಯಂತ್ರ

— ಸರ್, ಒಂದು ವಿಷಯ ನನ್ನ ತಲೆಗೆ ಹತ್ತುತ್ತಿಲ್ಲ. ಆಪರೇಟಿಂಗ್ ಸಿಸ್ಟಂ ಡಿಸ್ಕಿನಿಂದ ಮೆಮೊರಿಗೆ ಬರುತ್ತದೆ ಅಂದರೆ ಸರಿ, ಅದು ಪ್ರೋಗ್ರಾಂ. ಆದರೆ ಐಬಿಎಂನ 370/145 ಮೇನ್‌ಫ್ರೇಮಿನಲ್ಲಿ ಎರಡು ಸಂಖ್ಯೆ ಕೂಡುವುದು ಹೇಗೆ ಅನ್ನುವುದೂ ಡಿಸ್ಕಿನಿಂದಲೇ ಬರಬೇಕಿತ್ತು ಅಂತೀರಿ. ಹಾಗಾದರೆ ಲಕ್ಷಾಂತರ ಡಾಲರ್ ಕೊಟ್ಟು ತಂದ ಆ ಯಂತ್ರ, ಕರೆಂಟ್ ಕೊಟ್ಟ ಗಳಿಗೆಯಲ್ಲಿ ಏನಾಗಿತ್ತು?

— 370 ಅಂತೂ ಆಗಿರಲಿಲ್ಲ. ಒಳಗೆ ರಿಜಿಸ್ಟರುಗಳಿದ್ದವು, ಕೂಡುವ ಸರ್ಕ್ಯೂಟ್ ಇತ್ತು, ಮೆಮೊರಿ ಇತ್ತು, ಒಂದರಿಂದ ಇನ್ನೊಂದಕ್ಕೆ ದಾರಿಗಳಿದ್ದವು. ಯಾವ ದಾರಿ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಅನ್ನುವ ಕ್ರಮ ಮಾತ್ರ ಇರಲಿಲ್ಲ. ನೋಡಮ್ಮ, ಪ್ರೋಗ್ರಾಂ ಬರೆಯುವವರ ಕಣ್ಣಿಗೆ ‘ಕೂಡು’ ಅನ್ನುವುದು ಒಂದೇ ಆಜ್ಞೆ. ಯಂತ್ರದ ಒಳಗೆ ಅದೇ ಹಲವು ಹೆಜ್ಜೆ. ಬೇಸ್ ರಿಜಿಸ್ಟರಿನಲ್ಲಿರುವುದಕ್ಕೆ ಆಜ್ಞೆಯಲ್ಲಿ ಬರೆದ ಅಂತರ ಸೇರಿಸಿ ವಿಳಾಸ ಕಂಡುಹಿಡಿಯಬೇಕು. ಆ ವಿಳಾಸದಿಂದ ಅಂಕಿ ತರಿಸಬೇಕು. ಎರಡು ಅಂಕಿಗಳನ್ನೂ ಕೂಡುವ ಸರ್ಕ್ಯೂಟಿಗೆ ಒಡ್ಡಬೇಕು. ಉತ್ತರ ಸೊನ್ನೆಯೋ, ಋಣವೋ, ಧನವೋ, ಅಥವಾ ಹಿಡಿಸಲಾರದಷ್ಟು ದೊಡ್ಡದಾಯಿತೋ ಎಂದು ಗುರುತು ಹಾಕಬೇಕು. ಕೊನೆಗೆ ಉತ್ತರವನ್ನು ರಿಜಿಸ್ಟರಿಗೆ ಬರೆಯಬೇಕು. ಪ್ರತಿಯೊಂದು ಆಜ್ಞೆಗೂ ಇಂಥ ಹೆಜ್ಜೆಗಳ ಪಟ್ಟಿ ಬೇಕು. ಆ ಪಟ್ಟಿಯೇ ಮೈಕ್ರೋಕೋಡ್.

— ಅದನ್ನು ತಂತಿಯಲ್ಲೇ ಕಟ್ಟಬಹುದಲ್ಲ? ಮೊದಲ ಕಂಪ್ಯೂಟರುಗಳು ಹಾಗೇ ಇದ್ದವಲ್ಲ?

— ಹಾಗೇ ಇದ್ದವು. ಕಟ್ಟಿದವರಿಗೆ ಅದರ ಕಷ್ಟವೂ ಗೊತ್ತಿತ್ತು. ಕೇಂಬ್ರಿಜ್ಜಿನಲ್ಲಿ ಎಡ್ಸಾಕ್ ಕಟ್ಟಿದ ಮಾರಿಸ್ ವಿಲ್ಕ್ಸ್ ಅವರಿಗೆ ಮೆಮೊರಿಯ ರಚನೆ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಕೂಡುವ ಭಾಗವೂ ಅಷ್ಟೇ, ಒಂದು ಬಿಟ್ಟಿಗೆ ಮಾಡಿದ್ದನ್ನೇ ಮುಂದಿನ ಬಿಟ್ಟಿಗೂ ಮಾಡಿದರಾಯಿತು. ನಿಯಂತ್ರಣದ ಭಾಗ ಮಾತ್ರ ಎಲ್ಲೆಂದರಲ್ಲಿ ಬೆಳೆದ ಸರ್ಕ್ಯೂಟುಗಳ ಗೋಜಲು. 1950ರಲ್ಲಿ ಅವರು ಅಮೆರಿಕಕ್ಕೆ ಹೋದಾಗ ಎಂಐಟಿಯ ವರ್ಲ್‌ವಿಂಡ್ ಯಂತ್ರದಲ್ಲಿ ಡಯೋಡುಗಳನ್ನು ಸಾಲು ಸಾಲಾಗಿ ಜೋಡಿಸಿ ನಿಯಂತ್ರಣ ನಡೆಸುವುದನ್ನು ಕಂಡರು. ಮರುವರ್ಷ, 1951ರಲ್ಲಿ, ಮ್ಯಾಂಚೆಸ್ಟರಿನ ಸಮ್ಮೇಳನದಲ್ಲಿ ತಮ್ಮ ಸಲಹೆ ಮುಂದಿಟ್ಟರು: ನಿಯಂತ್ರಣವನ್ನೂ ಒಂದು ಪ್ರೋಗ್ರಾಮಿನ ಹಾಗೆ ಬರೆದು ವೇಗದ ಒಂದು ಮೆಮೊರಿಯಲ್ಲಿ ಇಡೋಣ. ಏಳು ವರ್ಷದ ಮೇಲೆ ಅವರದೇ ಎಡ್ಸಾಕ್ 2 ಆ ರೀತಿಯಲ್ಲಿ ಕೆಲಸಕ್ಕೆ ನಿಂತಿತು.

— ಅಚ್ಚುಕಟ್ಟಿಗಾಗಿಯೇ ಇಷ್ಟೆಲ್ಲ? ಒಂದು ಆಜ್ಞೆಗೆ ಹಲವು ಸಲ ಇನ್ನೊಂದು ಮೆಮೊರಿ ಓದಬೇಕು ಅಂದರೆ ನಿಧಾನವಾಗುವುದಿಲ್ಲವೇ?

— ಆಗುತ್ತದೆ. ಐಬಿಎಂ ಅದನ್ನು ಒಪ್ಪಿಕೊಂಡದ್ದು ಬೇರೆ ಕಾರಣಕ್ಕೆ. 1964ರ ಏಪ್ರಿಲ್ 7ರಂದು ಸಿಸ್ಟಂ/360 ಪ್ರಕಟವಾಯಿತು. ಸಣ್ಣದರಿಂದ ದೊಡ್ಡದರವರೆಗೆ ಹಲವು ಮಾಡೆಲ್, ಎಲ್ಲಕ್ಕೂ ಒಂದೇ ಆಜ್ಞೆಗಳ ಸಮೂಹ. ಚಿಕ್ಕದರಲ್ಲಿ ಓಡಿದ ಪ್ರೋಗ್ರಾಂ ದೊಡ್ಡದರಲ್ಲೂ ಓಡಬೇಕು. ಆದರೆ ಯಂತ್ರಗಳ ಒಡಲು ಒಂದೇ ಆಗಿರಲಿಲ್ಲ. ಮಾಡೆಲ್ 30ರಲ್ಲಿ ಒಮ್ಮೆಗೆ ಎಂಟೇ ಬಿಟ್ ಸಾಗುವ ದಾರಿ. 32 ಬಿಟ್ಟಿನ ಸಂಖ್ಯೆ ಕೂಡಬೇಕಾದರೆ ನಾಲ್ಕು ಕಂತು. ಮಾಡೆಲ್ 50ರಲ್ಲಿ 32 ಬಿಟ್ಟೂ ಒಟ್ಟಿಗೆ ಸಾಗುತ್ತಿದ್ದವು. ಪ್ರೋಗ್ರಾಮಿಗೆ ಈ ವ್ಯತ್ಯಾಸ ಕಾಣದ ಹಾಗೆ ಮಾಡಿದ್ದು ಮೈಕ್ರೋಕೋಡ್. ಅದಿಲ್ಲದೆ ಹೋಗಿದ್ದರೆ ಅಗ್ಗದ ಮಾಡೆಲ್ಲಿನಲ್ಲಿ ಅಷ್ಟೂ ಆಜ್ಞೆಗಳನ್ನು ತಂತಿಯಲ್ಲಿ ಕಟ್ಟುವ ಖರ್ಚು ಯಾರಿಗೂ ಗಿಟ್ಟುತ್ತಿರಲಿಲ್ಲ. ವೇಗವೇ ಮುಖ್ಯವಾದ ಕಡೆ ತಂತಿಯನ್ನೇ ಉಳಿಸಿಕೊಂಡರು. ಮಾಡೆಲ್ 75 ಹಾಗಿತ್ತು, ವೈಜ್ಞಾನಿಕ ಲೆಕ್ಕಕ್ಕೆಂದು ಮಾಡಿದ ಮಾಡೆಲ್ 44 ಕೂಡ. ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಕಂಪ್ಯೂಟರ್ ಕೇಂದ್ರಕ್ಕೆ ಬಂದ 360 ಈ 44ನೇ ಮಾಡೆಲ್ಲೇ. ಮೈಕ್ರೋಕೋಡಿಗೆ ಹೆಸರಾದ ಮನೆತನದಲ್ಲಿ ಅದಿಲ್ಲದ ಅಪರೂಪದ ಯಂತ್ರ ನಮ್ಮೂರಿನಲ್ಲಿತ್ತು.

— ಉಳಿದವುಗಳಲ್ಲಿ ಮೈಕ್ರೋಕೋಡ್ ಎಲ್ಲಿರುತ್ತಿತ್ತು?

— ಮಾಡೆಲ್ 30ರಲ್ಲಿ ತೆಳುವಾದ ಮೈಲಾರ್ ಹಾಳೆಯ ಕಾರ್ಡುಗಳ ಮೇಲೆ. ಗಾತ್ರ ಪಂಚ್ ಕಾರ್ಡಿನದೇ. ತೂತು ಹೊಡೆದ ಕಡೆ ಒಂದು ಬಿಟ್, ಹೊಡೆಯದ ಕಡೆ ಇನ್ನೊಂದು. ಕಾರ್ಡನ್ನು ಬೋರ್ಡಿಗೆ ಒತ್ತಿ ಕೂರಿಸಿದರೆ ವಿದ್ಯುತ್ತು ಆ ವ್ಯತ್ಯಾಸವನ್ನು ಕೆಪಾಸಿಟರಿನ ಮೂಲಕ ಓದುತ್ತಿತ್ತು. ಮೊಳಕಾಲ್ಮೂರಿನ ಮಗ್ಗದಲ್ಲಿ ಜಕಾರ್ಡ್ ರಟ್ಟು ಬದಲಿಸಿದರೆ ಅದೇ ಮಗ್ಗ ಬೇರೆ ಅಂಚು ನೇಯುತ್ತದಲ್ಲ, ಇದೂ ಹಾಗೇ. ಇಂಗ್ಲೆಂಡಿನ ಹರ್ಸ್ಲಿ ಪ್ರಯೋಗಾಲಯದವರು ಕಟ್ಟಿದ ಮಾಡೆಲ್ 40ರಲ್ಲಿ ಕಾರ್ಡಿನ ಬದಲು ಟ್ರಾನ್ಸ್‌ಫಾರ್ಮರುಗಳ ಸಾಲು. ವಿಧಾನ ಯಾವುದಾದರೂ ಒಂದು ಮಾತು ಸಮಾನ: ಯಂತ್ರಕ್ಕೆ ಅದನ್ನು ಓದಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ.

— ಅಂದರೆ ಒಂದು ಹೆಜ್ಜೆ ತಪ್ಪಿದ್ದರೆ?

— ಎಂಜಿನಿಯರು ಚೀಲದಲ್ಲಿ ಹೊಸ ಕಾರ್ಡಿಟ್ಟುಕೊಂಡು ಬರಬೇಕಿತ್ತು. ಯಂತ್ರ ನಿಲ್ಲಿಸಿ, ಬೋರ್ಡು ಬಿಚ್ಚಿ, ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿ, ಮತ್ತೆ ಪರೀಕ್ಷೆ. ಆ ಮಾಡೆಲ್ ಎಲ್ಲೆಲ್ಲಿ ಮಾರಿದ್ದಾರೋ ಅಲ್ಲೆಲ್ಲ ಇದೇ ಕೆಲಸ. ಸಾವಿರಗಟ್ಟಲೆ ಯಂತ್ರ ಮಾರಿದ ಕಂಪನಿಗೆ ಇದು ಎಂಥ ಹೊರೆ ಅನ್ನುವುದನ್ನು ನೀನೇ ಯೋಚಿಸು. ಇಷ್ಟಾದರೂ ಮೈಕ್ರೋಕೋಡಿನ ರುಚಿ ಹತ್ತಿಬಿಟ್ಟಿತ್ತು. ಐಬಿಎಂನ ಹಳೆಯ 1401 ಯಂತ್ರಗಳು ಹತ್ತು ಸಾವಿರಕ್ಕೂ ಹೆಚ್ಚು ತಯಾರಾಗಿದ್ದವು. ಅವುಗಳ ಮೇಲೆ ಬರೆದ ಸಂಬಳದ ಲೆಕ್ಕ, ಉಗ್ರಾಣದ ಲೆಕ್ಕ ಬಿಟ್ಟು ಬರಲು ಗಿರಾಕಿಗಳಿಗೆ ಮನಸ್ಸಿರಲಿಲ್ಲ. ಮಾಡೆಲ್ 30ಕ್ಕೆ ಇನ್ನೊಂದಿಷ್ಟು ಮೈಕ್ರೋಕೋಡ್ ಸೇರಿಸಿದರು, ಅದು 1401ರ ಆಜ್ಞೆಗಳನ್ನೂ ಪಾಲಿಸತೊಡಗಿತು. ಗಿರಾಕಿಗಳು ಹಳೆಯ ಪ್ರೋಗ್ರಾಮುಗಳ ಸಮೇತ 360ಕ್ಕೆ ಬಂದರು. ಒಂದೇ ಒಡಲು ಎರಡು ಯಂತ್ರವಾಗಬಲ್ಲದು ಅಂತ ಕಂಡ ಮೇಲೆ, ಮೂರನೆಯದು ಯಾಕಾಗಬಾರದು ಅನ್ನುವ ಪ್ರಶ್ನೆ ಹುಟ್ಟದೆ ಇರುತ್ತದೆಯೇ?

— ಹುಟ್ಟುತ್ತದೆ. ಆದರೆ ಅದಕ್ಕೆ ಬರೆಯಬಲ್ಲ ಮೆಮೊರಿ ಬೇಕು.

— ಅದೇ. 1968ರಲ್ಲಿ ಬಂದ 360/25ರಲ್ಲಿ ಮೈಕ್ರೋಕೋಡನ್ನು ಕೋರ್ ಮೆಮೊರಿಯಲ್ಲೇ ಇಟ್ಟರು. ಕಾರ್ಡುಗಳ ಒಂದು ಕಟ್ಟನ್ನು ಓದಿಸಿ ತುಂಬುವುದು. ಕೋರ್ ಅಂದರೆ ಅಯಸ್ಕಾಂತದ ಬಳೆಗಳು, ಕರೆಂಟ್ ಹೋದರೂ ಬರೆದದ್ದು ಅಳಿಯುವುದಿಲ್ಲ. ಆದರೆ ಕೋರ್ ನಿಧಾನ. 1970ರ ಸೆಪ್ಟೆಂಬರಿನಲ್ಲಿ ಪ್ರಕಟವಾದ 370/145ರಲ್ಲಿ ಕೋರನ್ನೇ ಕೈಬಿಟ್ಟರು. ಇಡೀ ಮುಖ್ಯ ಮೆಮೊರಿ ಸೆಮಿಕಂಡಕ್ಟರ್ ಚಿಪ್ಪುಗಳದ್ದು. ಐಬಿಎಂನಲ್ಲಿ ಹಾಗೆ ಬಂದ ಮೊದಲ ಯಂತ್ರ ಅದು. ಮೈಕ್ರೋಕೋಡಿಗೂ ಅಂಥದೇ ಮೆಮೊರಿ, 32 ಕಿಲೋಬೈಟ್. ಹೆಚ್ಚು ಸೌಲಭ್ಯ ಬೇಕೆಂದವರಿಗೆ ಇನ್ನಷ್ಟು, ಮುಖ್ಯ ಮೆಮೊರಿಯಿಂದಲೇ ಅಷ್ಟು ಪಾಲು ಕಡಿದು. ವೇಗವಿತ್ತು, ಬರೆಯಬಹುದಿತ್ತು. ಆದರೆ ಚಿಪ್ಪಿಗೆ ಕರೆಂಟ್ ಹೋದ ತಕ್ಷಣ ಎಲ್ಲವೂ ಅಳಿದುಹೋಗುತ್ತದೆ. ನೀನು ಕೇಳಿದ ಪ್ರಶ್ನೆಯ ಬೇರು ಇಲ್ಲಿದೆ. ಬರೆಯುವ ಸ್ವಾತಂತ್ರ್ಯಕ್ಕೆ ಕೊಟ್ಟ ಬೆಲೆ, ಪ್ರತಿ ಸಲವೂ ಮೊದಲಿನಿಂದ ತುಂಬಬೇಕು.

— ಅಲ್ಲಿ ನನಗೊಂದು ಅನುಮಾನ ಸರ್. ಆ ಯಂತ್ರಕ್ಕೆ ದೊಡ್ಡ ಡಿಸ್ಕುಗಳು, ಟೇಪುಗಳು ಇದ್ದೇ ಇದ್ದವಲ್ಲ? ಅವುಗಳಿಂದಲೇ ತುಂಬಬಹುದಿತ್ತು. ಇನ್ನೊಂದು ಸಾಧನ ಯಾಕೆ ಬೇಕಾಯಿತು?

— ಟೇಪನ್ನು ಓದಿಸುವವರು ಯಾರು? ಚಾನೆಲ್, ಅಂದರೆ ಸಾಧನಗಳಿಗೂ ಮೆಮೊರಿಗೂ ನಡುವೆ ದತ್ತಾಂಶ ಸಾಗಿಸುವ ಭಾಗ. 145ರಲ್ಲಿ ಚಾನೆಲ್‌ಗಳನ್ನು ನಡೆಸುತ್ತಿದ್ದದ್ದು ಯಾರು?

— ಮೈಕ್ರೋಕೋಡ್!

— ಮೈಕ್ರೋಕೋಡೇ. ಅದಿಲ್ಲದೆ ಟೇಪ್ ತಿರುಗದು, ಟೇಪ್ ತಿರುಗದೆ ಅದು ಬಾರದು. ಆದ್ದರಿಂದ ಮೈಕ್ರೋಕೋಡಿನ ಹಂಗೇ ಇಲ್ಲದ ಒಂದು ಪುಟ್ಟ ಸಾಧನ ಬೇಕಾಯಿತು, ಅದನ್ನು ಓದಿಸಲು ತಂತಿಯಲ್ಲೇ ಕಟ್ಟಿದ ಸರಳ ಸರ್ಕ್ಯೂಟ್ ಸಾಕಾಗಬೇಕು. ಬೆಲೆ ಅಗ್ಗವಿರಬೇಕು, ಯಾಕೆಂದರೆ ದಿನಕ್ಕೊಮ್ಮೆಯೂ ಬಳಸದ ಸಾಧನಕ್ಕೆ ಯಾರು ದುಡ್ಡು ಸುರಿಯುತ್ತಾರೆ? ಇನ್ನೂ ಒಂದು ಷರತ್ತು: ಲಕೋಟೆಯಲ್ಲಿ ಹಾಕಿ ಅಂಚೆಯಲ್ಲಿ ಕಳಿಸುವಷ್ಟು ಹಗುರವಾಗಿರಬೇಕು. 1967ರಲ್ಲಿ ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿ ಆಲನ್ ಶುಗಾರ್ಟ್ ಈ ಕೆಲಸವನ್ನು ಡೇವಿಡ್ ನೋಬಲ್ ಅವರಿಗೆ ವಹಿಸಿದರು. ನೋಬಲ್ ಟೇಪಿನಿಂದಲೇ ಶುರುಮಾಡಿದರು, ಸರಿಹೋಗಲಿಲ್ಲ. ಆಮೇಲೆ ಹೊಳೆದದ್ದು ಎಂಟು ಇಂಚಿನ, ಬಾಗುವ ಪ್ಲಾಸ್ಟಿಕ್ ತಟ್ಟೆ.

— ಫ್ಲಾಪಿ! ಫ್ಲಾಪಿ ಹುಟ್ಟಿದ್ದು ಇದಕ್ಕಾ?

— ಇದಕ್ಕೇ. ಇದನ್ನು ಹೇಳುವಾಗ ನನಗೆ ಈಗಲೂ ಹುರುಪು ಬರುತ್ತದೆ. ಊರೂರಿನ ಕಂಪ್ಯೂಟರ್ ತರಗತಿಗಳಲ್ಲಿ ಮಕ್ಕಳು ಕೈಯಲ್ಲಿ ಹಿಡಿದು ಓಡಾಡಿದ ಆ ಫ್ಲಾಪಿಯ ಹಿರಿಯಜ್ಜ, ಮೇನ್‌ಫ್ರೇಮಿಗೆ ಮೈಕ್ರೋಕೋಡ್ ತುಂಬಲೆಂದೇ ಹುಟ್ಟಿದವನು. ಮೊದಲು ತಟ್ಟೆ ಬರಿಮೈಯಲ್ಲೇ ಇತ್ತು. ಧೂಳು ಕೂತು ಓದುವಾಗ ತಪ್ಪಾಗುತ್ತಿತ್ತು. ಅದೇ ತಂಡದ ರಾಲ್ಫ್ ಫ್ಲೋರೆಸ್ ಮತ್ತು ಹರ್ಬರ್ಟ್ ಥಾಂಪ್ಸನ್ ಅದಕ್ಕೊಂದು ಲಕೋಟೆ ಮಾಡಿ ಒಳಗೆ ಮೆತ್ತನೆಯ ಬಟ್ಟೆಯ ಅಸ್ತರು ಕೊಟ್ಟರು. ತಟ್ಟೆ ತಿರುಗುವಾಗ ಅಸ್ತರು ಧೂಳನ್ನು ತಾನೇ ಒರೆಸುತ್ತದೆ. ಫ್ಲಾಪಿ ಕಾರ್ಖಾನೆಯಿಂದಾಚೆ ಬದುಕಿದ್ದು ಆ ಬಟ್ಟೆಯಿಂದ ಅಂತ ನಾನು ನಂಬುತ್ತೇನೆ. 1971ರಲ್ಲಿ 145ರ ಜೊತೆ ಗಿರಾಕಿಗಳಿಗೆ ತಲುಪಿದ ಆ ಸಾಧನದ ಹೆಸರು 23ಎಫ್‌ಡಿ. ತಟ್ಟೆಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು 80 ಕಿಲೋಬೈಟ್, ತಿರುಗುತ್ತಿದ್ದದ್ದು ನಿಮಿಷಕ್ಕೆ 90 ಸುತ್ತು. ಗಿರಾಕಿಗೆ ಓದಲು ಮಾತ್ರ, ಬರೆಯುವುದು ಐಬಿಎಂ ಕೆಲಸ. ಗಿರಾಕಿಗಳೂ ಬರೆಯಬಲ್ಲ ಐಬಿಎಂ ಫ್ಲಾಪಿ ಬಂದದ್ದು 1973ರಲ್ಲಿ, ದತ್ತಾಂಶ ತುಂಬುವ 3740 ಯಂತ್ರದ ಜೊತೆ. ಅದರ ಒಂದು ತಟ್ಟೆ ಸುಮಾರು 1900 ಪಂಚ್ ಕಾರ್ಡುಗಳ ಕೆಲಸ ಮಾಡುತ್ತಿತ್ತು. ಮುಂದಿನದು ನಿನಗೆ ಗೊತ್ತು.

— ಸರಿ, 145ಕ್ಕೆ ಬರೋಣ. ಸ್ವಿಚ್ ಹಾಕಿದ ಮೇಲೆ ಕ್ರಮವಾಗಿ ಏನಾಗುತ್ತಿತ್ತು?

— ಎರಡು ಮಜಲು. ಮೊದಲನೆಯದಕ್ಕೆ ಐಎಂಪಿಎಲ್ ಅನ್ನುತ್ತಿದ್ದರು, ಮೈಕ್ರೋಪ್ರೋಗ್ರಾಂ ತುಂಬುವುದು. ಕನ್ಸೋಲಿನಲ್ಲಿ ಅಡಗಿದ್ದ ಫ್ಲಾಪಿ ತಿರುಗಲು ಶುರುವಾಗಿ, ಅದರಲ್ಲಿದ್ದದ್ದು ನಿಯಂತ್ರಣ ಮೆಮೊರಿಗೆ ಇಳಿಯುತ್ತಿತ್ತು. ಯಂತ್ರ ಕೆಟ್ಟಾಗ ಯಾವ ಭಾಗ ಕೆಟ್ಟಿದೆ ಎಂದು ಹುಡುಕುವ ಪರೀಕ್ಷೆಗಳೂ ಇದೇ ದಾರಿಯಲ್ಲಿ ಒಳಗೆ ಹೋಗುತ್ತಿದ್ದವು, ಎಂಜಿನಿಯರಿಗೆ ಅದೊಂದು ದೊಡ್ಡ ವರ. ಐಎಂಪಿಎಲ್ ಮುಗಿದ ಮೇಲೆಯೇ ಅದು 370. ಎರಡನೆಯ ಮಜಲು ಐಪಿಎಲ್. ಆಪರೇಟರು ತಿರುಗುಗುಂಡಿಗಳಲ್ಲಿ ಡಿಸ್ಕಿನ ವಿಳಾಸ ಇಟ್ಟು ಲೋಡ್ ಗುಂಡಿ ಒತ್ತಿದರೆ, ಆ ಸಾಧನದಿಂದ 24 ಬೈಟ್ ಬಂದು ಮೆಮೊರಿಯ ಸೊನ್ನೆ ವಿಳಾಸದಿಂದ ಕೂರುತ್ತದೆ. ಆ 24 ಬೈಟಿನಲ್ಲಿ ಮುಂದೆ ಏನು ಓದಬೇಕು, ಎಲ್ಲಿಂದ ಓಡಬೇಕು ಅನ್ನುವುದು ಇರುತ್ತದೆ. ಅಲ್ಲಿಂದ ಆಪರೇಟಿಂಗ್ ಸಿಸ್ಟಂ ತನ್ನನ್ನು ತಾನೇ ಎಳೆದುಕೊಂಡು ಬರುತ್ತದೆ.

— ಇದರಿಂದ ಗಿರಾಕಿಗೆ ಏನು ಬಂತು? ನಿಮ್ಮ ಮಾತು ಕೇಳಿದರೆ ಅನುಕೂಲವೆಲ್ಲ ಕಂಪನಿಗೇ ಆದ ಹಾಗಿದೆ.

— 1972ರ ಆಗಸ್ಟ್ 2ರಂದು ನಡೆದದ್ದನ್ನು ಕೇಳು. ಆವತ್ತು ಐಬಿಎಂ 370ಕ್ಕೆ ವರ್ಚುವಲ್ ಮೆಮೊರಿ ಪ್ರಕಟಿಸಿತು. ಮೆಮೊರಿ ಇರುವುದಕ್ಕಿಂತ ಹೆಚ್ಚಿದೆ ಎಂದೇ ತಿಳಿದು ಪ್ರೋಗ್ರಾಂ ಬರೆಯಬಹುದು, ವಿಳಾಸಗಳನ್ನು ಯಂತ್ರವೇ ಹೊಂದಿಸಿಕೊಳ್ಳುತ್ತದೆ, ಸಾಲದಾದದ್ದು ಡಿಸ್ಕಿನಲ್ಲಿ ಇರುತ್ತದೆ. ಇಂದಿನ ಬಹುತೇಕ ಕಂಪ್ಯೂಟರುಗಳು ನಿಂತಿರುವ ತಳಹದಿ ಅದು. 145ರಲ್ಲಿ ಇದಕ್ಕೆ ಬೇಕಾದ ಹಾರ್ಡ್‌ವೇರ್ ಮೊದಲಿನಿಂದಲೂ ಒಳಗೇ ಇತ್ತು, ಐಬಿಎಂನ ಹಳೆಯ ಡಾಸ್ ಆಪರೇಟಿಂಗ್ ಸಿಸ್ಟಂನ ಪ್ರೋಗ್ರಾಮುಗಳನ್ನು ಓಡಿಸುವ ಸೌಲಭ್ಯಕ್ಕೆ ಬಳಕೆಯಾಗುತ್ತಿತ್ತು. ಹೊಸ ಫ್ಲಾಪಿ ಬಂತು, ಹೊಸ ಮೈಕ್ರೋಕೋಡ್ ತುಂಬಿತು, ಯಂತ್ರ ಹೊಸದಾಯಿತು. ಕೊಂಡು ವರ್ಷ ಕಳೆದ ಮೇಲೆ!

— 155, 165 ಕೊಂಡವರ ಕಥೆ?

— ಅವು 145ಕ್ಕಿಂತ ದೊಡ್ಡ ಯಂತ್ರಗಳು, ಮೊದಲೇ ಬಂದಂಥವು. ವಿಳಾಸ ಹೊಂದಿಸುವ ಹಾರ್ಡ್‌ವೇರ್ ಅವುಗಳ ಒಳಗೆ ಇರಲಿಲ್ಲ. ಪ್ರತ್ಯೇಕವಾಗಿ ಕೊಂಡು ಸೇರಿಸಬೇಕಿತ್ತು: 155ಕ್ಕೆ 2 ಲಕ್ಷ ಡಾಲರ್, 165ಕ್ಕೆ 4 ಲಕ್ಷ ಡಾಲರ್. ಅದೇ ದಿನ ಆ ಸೌಲಭ್ಯವನ್ನು ಒಳಗೇ ಇಟ್ಟುಕೊಂಡ 158, 168 ಅನ್ನುವ ಹೊಸ ಮಾಡೆಲ್ಲುಗಳೂ ಪ್ರಕಟವಾದವು. ಎರಡು ವರ್ಷದ ಹಿಂದಷ್ಟೇ ದೊಡ್ಡ ಯಂತ್ರ ಕೊಂಡವರ ಹೊಟ್ಟೆ ಎಷ್ಟು ಉರಿದಿರಬೇಕು! ನಮ್ಮ ಪಕ್ಕದ ಮದ್ರಾಸ್ ಐಐಟಿಗೆ ಆ ದಶಕದಲ್ಲಿ ಬಂದದ್ದೂ 370/155.

— ಅಂದರೆ ಮೈಕ್ರೋಕೋಡ್ ಒಂದೇ ಎಲ್ಲವನ್ನೂ ಮಾಡಲಿಲ್ಲ. ಒಳಗೆ ಹಾರ್ಡ್‌ವೇರ್ ಇದ್ದ ಕಡೆ ಮಾತ್ರ ಫ್ಲಾಪಿ ಪವಾಡ ಮಾಡಿತು.

— ಸರಿಯಾಗಿ ಹಿಡಿದೆ. ಮೈಕ್ರೋಕೋಡಿಗೂ ಒಂದು ಮಿತಿಯಿದೆ. ಇಲ್ಲದ ದಾರಿಯನ್ನು ಅದು ತೆರೆಯಲಾರದು. ಇರುವ ದಾರಿಗಳನ್ನು ಹೊಸ ಕ್ರಮದಲ್ಲಿ ನಡೆಸಬಲ್ಲದು, ಅಷ್ಟೇ. ಆದರೆ ಆ ‘ಅಷ್ಟೇ’ ಸಣ್ಣದಲ್ಲ. 145ಕ್ಕೆ ಎಪಿಎಲ್ ಭಾಷೆಯನ್ನು ಚುರುಕಾಗಿ ಓಡಿಸುವ ಮೈಕ್ರೋಕೋಡ್ ಬಂತು. ಒಂದು ಯಂತ್ರದ ಮೇಲೆ ಹಲವು ಯಂತ್ರಗಳಿರುವಂತೆ ತೋರಿಸುವ ವಿಎಂ/370ಕ್ಕೆ ನೆರವಾಗುವ ಮೈಕ್ರೋಕೋಡ್ ಬಂತು. ಬರೋಸ್ ಕಂಪನಿ 1972ರ ಬಿ1700ರಲ್ಲಿ ಇನ್ನೂ ಮುಂದೆ ಹೋಗಿ, ಕೋಬಾಲಿಗೆ ಒಂದು, ಫೋರ್ಟ್ರಾನಿಗೆ ಒಂದು ಅಂತ ಭಾಷೆಗೊಂದು ಮೈಕ್ರೋಕೋಡ್ ಬರೆಯಿತು. ಕೆಲಸ ಬದಲಾದ ಹಾಗೆ ಯಂತ್ರದ ಆಜ್ಞೆಗಳೇ ಬದಲಾಗುತ್ತಿದ್ದವು. ಅದರ ಧೈರ್ಯಕ್ಕೆ ಇಂದಿಗೂ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ ಅನ್ನುವುದು ನನ್ನ ಅಭಿಪ್ರಾಯ.

— ನನ್ನ ತಕರಾರು ಅಲ್ಲೇ ಇದೆ ಸರ್. ಆಜ್ಞೆಗಳೇ ಬದಲಾಗುತ್ತವೆ ಅಂದರೆ ನಾನು ಕೊಂಡದ್ದು ಏನನ್ನು? ಕಬ್ಬಿಣ ನನ್ನದು, ಅದರ ಗುಣ ಮಾತ್ರ ಮಾರಿದವರ ಕೈಯಲ್ಲಿ. ಅವರು ಫ್ಲಾಪಿ ಕಳಿಸಿದರೆ ಹೊಸ ಗುಣ, ಕಳಿಸದಿದ್ದರೆ ಇಲ್ಲ. ಜೀನ್ ಆಮ್ಡಾಲ್ ಮೈಕ್ರೋಕೋಡ್ ಬೇಡವೆಂದದ್ದು ಸುಮ್ಮನೆ ಅಲ್ಲ ಅನಿಸುತ್ತದೆ.

— 360ರ ಮುಖ್ಯ ಶಿಲ್ಪಿಯೇ ಅವರು. ಐಬಿಎಂ ಬಿಟ್ಟು ಸ್ವಂತ ಕಂಪನಿ ಕಟ್ಟಿ, 1975ರಲ್ಲಿ 470ವಿ/6 ಅನ್ನುವ ಯಂತ್ರ ತಂದರು. ಐಬಿಎಂ ಪ್ರೋಗ್ರಾಮುಗಳೇ ಓಡುತ್ತಿದ್ದವು, ನಿಯಂತ್ರಣ ತಂತಿಯದು, ವೇಗ ಹೆಚ್ಚು. ಆದರೆ ಅವರು ತಂತಿ ಆರಿಸಿಕೊಂಡದ್ದು ವೇಗಕ್ಕೆ, ಗಿರಾಕಿಯ ಹಕ್ಕಿಗಲ್ಲ. ಆಮೇಲೆ ಐಬಿಎಂ ಮೈಕ್ರೋಕೋಡಿನ ಮೂಲಕ ಹೊಸ ಹೊಸ ಆಜ್ಞೆಗಳನ್ನು ಸೇರಿಸುತ್ತ ಹೋಯಿತು, ಅದರ ಆಪರೇಟಿಂಗ್ ಸಿಸ್ಟಂ ಅವನ್ನು ಬಳಸತೊಡಗಿತು. ತಂತಿಯ ಯಂತ್ರ ಅದನ್ನು ಹಿಂಬಾಲಿಸುವುದು ಕಷ್ಟ. ಆಮ್ಡಾಲ್ ಕಂಪನಿಯೂ ಮುಂದಿನ ಯಂತ್ರಗಳಲ್ಲಿ ಮ್ಯಾಕ್ರೋಕೋಡ್ ಅನ್ನುವ ಪದರ ಕಟ್ಟಿ, ಬದಲಾವಣೆಗೆ ಜಾಗ ಬಿಡಬೇಕಾಯಿತು.

— ನೋಡಿದಿರಾ! ನನ್ನ ಮಾತನ್ನೇ ಗಟ್ಟಿ ಮಾಡಿದಿರಿ. ಮೈಕ್ರೋಕೋಡ್ ಪ್ರತಿಸ್ಪರ್ಧಿಯನ್ನು ಕಟ್ಟಿಹಾಕುವ ಆಯುಧವೂ ಆಯಿತು.

— ಆಯಿತು, ಅಲ್ಲಗಳೆಯುವುದಿಲ್ಲ. ಮುಂದೆ ಐಬಿಎಂ ಇದಕ್ಕೆ ಲೈಸೆನ್ಸ್‌ಡ್ ಇಂಟರ್ನಲ್ ಕೋಡ್ ಅಂತ ಹೆಸರಿಟ್ಟು, ಯಂತ್ರ ಮಾರಾಟಕ್ಕೆ, ಒಳಗಿನ ಕೋಡು ಪರವಾನಗಿಗೆ ಅಂತ ಕಾಗದದಲ್ಲೇ ಬರೆಯಿತು. ಆದರೆ ತಿದ್ದಲಾಗದ ಯಂತ್ರದ ಪಾಡೇನು ಅನ್ನುವುದಕ್ಕೆ ನಿನ್ನ ಚಿಪ್ಪುಗಳ ಲೋಕದಲ್ಲೇ ಸಾಕ್ಷಿಯಿದೆ.

— 1994ರ ಪೆಂಟಿಯಂ. ಭಾಗಾಕಾರದ ಕೋಷ್ಟಕದಲ್ಲಿ ಐದು ಮನೆಗಳಿಗೆ ಬೆಲೆ ತುಂಬದೆ ಬಿಟ್ಟಿದ್ದರು. ಕೆಲವು ಸಂಖ್ಯೆಗಳಿಗೆ ತಪ್ಪು ಉತ್ತರ. ಮಾರಿದ ಚಿಪ್ಪಿನೊಳಗೆ ಅದನ್ನು ತಿದ್ದುವ ದಾರಿಯೇ ಇರಲಿಲ್ಲ, ಚಿಪ್ಪನ್ನೇ ಬದಲಿಸಿಕೊಟ್ಟರು. ಇಂಟೆಲ್ ಅದಕ್ಕೆ 47.5 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಮರುವರ್ಷದ ಪೆಂಟಿಯಂ ಪ್ರೋದಲ್ಲಿ ಮೈಕ್ರೋಕೋಡಿಗೆ ತಿದ್ದುಪಡಿ ತುಂಬುವ ಸೌಲಭ್ಯ ಬಂತು. ನಾವು ಈಗ ಆಫೀಸಿನಲ್ಲಿ ಮಾಡುವ ತಿದ್ದುಪಡಿಯ ಕೆಲಸ ಅದರ ಮರಿಮಗುವೇ. ಮೂಲ ಮೈಕ್ರೋಕೋಡ್ ಚಿಪ್ಪಿನಲ್ಲೇ ಇರುತ್ತದೆ, ತಿದ್ದುಪಡಿ ಮಾತ್ರ ಡಿಸ್ಕಿನಿಂದಲೋ ಬಯಾಸ್‌ನಿಂದಲೋ ಬರುತ್ತದೆ. ಕರೆಂಟ್ ಹೋದರೆ ತಿದ್ದುಪಡಿ ಅಳಿಯುತ್ತದೆ, ಮರುದಿನ ಮತ್ತೆ ತುಂಬಬೇಕು. 145ರ ಹಾಗೇ.

— 2018ರ ಜನವರಿಯಲ್ಲಿ ಪ್ರೊಸೆಸರ್ ಚಿಪ್ಪುಗಳ ಸ್ಪೆಕ್ಟರ್ ಭದ್ರತಾ ದೋಷ ಹೊರಬಿದ್ದಾಗ ಆ ದಾರಿ ಇಲ್ಲದೆ ಇದ್ದಿದ್ದರೆ?

— ಅಷ್ಟು ಚಿಪ್ಪು ಬದಲಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಒಪ್ಪುತ್ತೇನೆ. ಆದರೆ ಆ ತಿಂಗಳೇ ಕಳಿಸಿದ ಮೊದಲ ತಿದ್ದುಪಡಿಯಿಂದ ಕೆಲವು ಯಂತ್ರಗಳು ತಾವಾಗಿ ರೀಬೂಟ್ ಆಗತೊಡಗಿ, ಅದನ್ನು ಹಂಚುವುದನ್ನು ನಿಲ್ಲಿಸಿ ಅಂತ ಇಂಟೆಲ್ಲೇ ಹೇಳಬೇಕಾಯಿತು. ಒಳಗೆ ಏನು ಬದಲಾಯಿತು ಅಂತ ಹೊರಗಿನವರು ತೆರೆದು ನೋಡುವ ಹಾಗಿಲ್ಲ, ಫೈಲು ಗೂಢಲಿಪಿಯಲ್ಲಿರುತ್ತದೆ. ಇದಕ್ಕೆ ನೀವು ಏನಂತೀರಿ?

— ನಿನ್ನ ತಕರಾರಿನ ಈ ಭಾಗ ನನ್ನದೂ ಹೌದು. 360ರ ಕಾಲದಲ್ಲಿ ಮೈಕ್ರೋಕೋಡಿನ ಪ್ರತಿ ಹೆಜ್ಜೆಯನ್ನೂ ಚೌಕಗಳಲ್ಲಿ ಬರೆದ ದೊಡ್ಡ ನಕ್ಷೆಗಳು ಯಂತ್ರದ ಜೊತೆಗೇ ಬರುತ್ತಿದ್ದವು. ದುರಸ್ತಿಗೆ ಬಂದ ಎಂಜಿನಿಯರು ಅವನ್ನು ಬಿಡಿಸಿಟ್ಟುಕೊಂಡು ಯಂತ್ರ ಎಲ್ಲಿ ಎಡವಿತೆಂದು ಬೆರಳಿಟ್ಟು ಹೇಳಬಹುದಿತ್ತು. ಕಾರ್ಡ್ ಬದಲಿಸುವುದು ಕಷ್ಟವಿತ್ತು, ಓದುವುದು ಸುಲಭವಿತ್ತು. ಈಗ ಬದಲಿಸುವುದು ಸಲೀಸು, ಓದುವುದು ಅಸಾಧ್ಯ. ಕಳ್ಳರು ಸುಳ್ಳು ತಿದ್ದುಪಡಿ ತೂರಿಸದ ಹಾಗೆ ತಯಾರಕರ ಸಹಿ ಬೇಕು, ಅದು ನ್ಯಾಯ. ಆದರೆ ಸಹಿಗೂ ಗುಟ್ಟಿಗೂ ಸಂಬಂಧವಿಲ್ಲ. ಸಹಿ ಹಾಕಿದ ಕಾಗದವನ್ನು ಎಲ್ಲರೂ ಓದಬಹುದಲ್ಲ?

— ಇದಕ್ಕೆ ನನ್ನಂಥವಳು ಏನು ಮಾಡಲಾಗುತ್ತದೆ ಸರ್? ಕೋಡನ್ನು ಬಿಚ್ಚಿಡುವುದು ನನ್ನ ಕೈಯಲ್ಲಿಲ್ಲ.

— ಕೋಡು ನಿನ್ನ ಕೈಯಲ್ಲಿಲ್ಲದಿರಬಹುದು, ಅದರ ಜೊತೆ ಹೋಗುವ ಟಿಪ್ಪಣಿ ಇದೆ. ‘ಸ್ಥಿರತೆ ಸುಧಾರಿಸಲಾಗಿದೆ’ ಅಂತ ಒಂದು ಸಾಲು ಗೀಚಿ ಕಳಿಸಬೇಡ. ಯಾವ ಆಜ್ಞೆಯ ನಡವಳಿಕೆ ಬದಲಾಯಿತು, ಯಾಕೆ ಬದಲಾಯಿತು, ಯಾವ ಕೆಲಸ ಎಷ್ಟು ನಿಧಾನವಾಗಬಹುದು ಅನ್ನುವುದನ್ನು ಪ್ರತಿ ಸಲವೂ ಪೂರ್ತಿಯಾಗಿ ಬರಿ. ಮೇಲಿನವರು ಕತ್ತರಿಸಿದರೆ ಯಾಕೆಂದು ಕೇಳು. ಯಂತ್ರ ಕೊಂಡವರಿಗೆ ಅಷ್ಟಾದರೂ ಸಲ್ಲಬೇಕು.